ಆಟಗಾರರನ್ನ ಆರಿಸೋ ಅಧಿಕಾರ ಕೋಚ್ ಕೈಲಿರ್ಬೇಕಾ, ಡೈರೆಕ್ಟರ್ ಕೈಲಾ?

ಕೆಂಪು ಮೈಸೂರು:

ಎಲ್ರಿಗೂ ನಮಸ್ಕಾರ. 2008ರ ಮಾಸ್ಕೋ ಚಾಂಪಿಯನ್ಸ್ ಲೀಗ್ ಫೈನಲ್ ರಾತ್ರಿಯಿಂದ ಮ್ಯಾಂಚೆಸ್ಟರ್ ಯುನೈಟೆಡ್ ನೋಡ್ತಾ ಬಂದಿದ್ದೀನಿ, ಒಂದು ವಿಷಯ ಬಹಳ ದಿನದಿಂದ ತಲೆ ಕೊರೀತಾ ಇದೆ. ಕ್ಲಬ್ಬಿಗೆ ಯಾವ ಆಟಗಾರ ಬರ್ಬೇಕು ಅನ್ನೋದ್ರಲ್ಲಿ ಕೊನೇ ಮಾತು ಯಾರದ್ದಾಗಿರ್ಬೇಕು?

ನಮ್ಮ ಕೋಚ್ ಫರ್ಗ್ಯುಸನ್ ಇರೋವರ್ಗೂ ಈ ಪ್ರಶ್ನೆ ನಮಗೆ ಬರ್ಲೇ ಇಲ್ಲ, ಎಲ್ಲಾ ಅವರೇ. 2013ರಲ್ಲಿ ಅವರು ಬಿಟ್ರು, ವ್ಯವಹಾರ ನೋಡ್ಕೋತಿದ್ದ ಡೇವಿಡ್ ಗಿಲ್ ಕೂಡ ಅದೇ ಹೊತ್ತಿಗೆ ಹೊರಟ್ರು, ಆಮೇಲೆ 2021ರ ತನಕ ನಮ್ಮಲ್ಲಿ ಆಟಗಾರರನ್ನ ಹುಡುಕಿ ತರೋ ಉಸ್ತುವಾರಿ ನೋಡ್ಕೊಳ್ಳೋ ಫುಟ್‌ಬಾಲ್ ಡೈರೆಕ್ಟರ್ ಅನ್ನೋ ಹುದ್ದೇನೇ ಇರ್ಲಿಲ್ಲ. ಅಷ್ಟರೊಳಗೆ ಮೋಯೆಸ್ ಬಂದ್ರು ಹೋದ್ರು, ವಾನ್ ಗಾಲ್ ಬಂದ್ರು ಹೋದ್ರು, ಮೊರಿನ್ಯೋನೂ ಅಷ್ಟೇ, ಒಬ್ಬೊಬ್ಬರಿಗೂ ಬೇಕಾಗಿದ್ದು ಬೇರೆ ಬೇರೆ ಥರದ ಟೀಮು, ಪ್ರತಿ ಸಲ ಹಳಬರನ್ನ ಮಾರೋದು ಹೊಸಬರನ್ನ ತರೋದು. ಡಿ ಮರಿಯಾನ 2014ರಲ್ಲಿ ಹತ್ರ ಹತ್ರ 60 ಮಿಲಿಯನ್ ಪೌಂಡ್ ಕೊಟ್ಟು ತಂದು ಒಂದೇ ಸೀಸನ್‌ಗೆ ಕಳಿಸಿಬಿಟ್ರು. 2022ರಲ್ಲಿ ಟೆನ್ ಹಾಗ್ ಬಂದಾಗ ಅವರ ಹಳೇ ಕ್ಲಬ್ ಅಯಾಕ್ಸ್‌ನ ಹುಡುಗರು ಒಬ್ಬೊಬ್ಬರಾಗಿ ಬಂದ್ರು. ಅದ್ರಲ್ಲಿ ಆಂಟನಿಗೆ ಕೊಟ್ಟಿದ್ದು 95 ಮಿಲಿಯನ್ ಯೂರೋ, 2025ರಲ್ಲಿ ಬೆಟಿಸ್‌ಗೆ ಮಾರಿದಾಗ ವಾಪಸ್ ಬಂದಿದ್ದು ಹೆಚ್ಚುಕಮ್ಮಿ ಅದ್ರ ಕಾಲು ಭಾಗ. ಕೋಚ್‌ನ 2024ರಲ್ಲೇ ತೆಗೆದಾಗಿತ್ತು.

ಇದನ್ನೆಲ್ಲ ನೋಡಿದ್ರೆ ಕೋಚ್ ಕೈಗೆ ಚೆಕ್‌ಬುಕ್ ಕೊಡ್ಲೇಬಾರ್ದು ಅನ್ಸುತ್ತೆ. ಆದ್ರೆ ನನ್ನ ರೂಮ್‌ಮೇಟ್ ಒಂದು ಮಾತು ಕೇಳ್ದ, ನನ್ ಹತ್ರ ಉತ್ತರ ಇರ್ಲಿಲ್ಲ. ಶನಿವಾರ ಸೋತ್ರೆ ಕೆಲಸ ಕಳ್ಕೊಳ್ಳೋದು ಕೋಚು, ಹಾಗಿದ್ಮೇಲೆ ಯಾರನ್ನ ಆಡಿಸ್ಬೇಕು ಅಂತ ಬೇರೆಯವರು ಹೇಗೆ ತೀರ್ಮಾನ ಮಾಡ್ತಾರೆ ಅಂತ. ನೀವೇನಂತೀರಿ?

ಆನ್‌ಫೀಲ್ಡ್ ಕುಡ್ಲ:

ಒಳ್ಳೆ ಪ್ರಶ್ನೆ. ನಾನು ಲಿವರ್‌ಪೂಲ್ ಕಡೆಯವನು, ನಮ್ಮಲ್ಲಿ ಎರಡೂ ರೀತಿ ನೋಡಿದ್ದೇವೆ, ಅದೂ ಒಂದೇ ಬೇಸಿಗೆಯಲ್ಲಿ.

2015ರಲ್ಲಿ ಮ್ಯಾನೇಜರ್ (ಕೋಚ್ ಅಂತಲೇ ಇಟ್ಕೊಳ್ಳಿ) ಬ್ರೆಂಡನ್ ರಾಜರ್ಸ್, ಪಕ್ಕದಲ್ಲಿ ಆಟಗಾರರನ್ನು ಆರಿಸಿ ತರಲಿಕ್ಕೆ ಟ್ರಾನ್ಸ್‌ಫರ್ ಕಮಿಟಿ ಅಂತ ಒಂದಿತ್ತು, ಇಬ್ಬರಿಗೂ ಅಷ್ಟಕ್ಕಷ್ಟೆ. ಕಮಿಟಿಯವರು ಫಿರ್ಮಿನೋನನ್ನು ತಂದ್ರು, ರಾಜರ್ಸ್ ಆಸೆಪಟ್ಟು ಬೆಂಟೆಕೆಯನ್ನು ತರಿಸಿಕೊಂಡ್ರು, ಬೆಂಟೆಕೆಗೇ ದುಡ್ಡು ಜಾಸ್ತಿ. ಇದು ಆಯ್ಕೆ ಅಲ್ಲ ಮಾರಾಯ್ರೆ, ಜಗಳ ಬೇಡ ಅಂತ ಇಬ್ಬರಿಗೂ ಒಂದೊಂದು ಹಂಚಿದ್ದು! ಅಕ್ಟೋಬರ್‌ನಲ್ಲಿ ರಾಜರ್ಸ್ ಹೋದ್ರು, ಕ್ಲಾಪ್ ಬಂದ್ರು, ಅವರ ಆಟಕ್ಕೆ ಬೆಂಟೆಕೆ ಹೊಂದಲೇ ಇಲ್ಲ, ಮುಂದಿನ ವರ್ಷ ಮಾರಿದ್ರು. ಫಿರ್ಮಿನೋ ಮಾತ್ರ 2023ರವರೆಗೂ ಇದ್ದ, ಅವನಿಲ್ಲದೆ 2019ರ ಯುರೋಪಿಯನ್ ಕಪ್ಪೂ (ಚಾಂಪಿಯನ್ಸ್ ಲೀಗ್) ಇಲ್ಲ, 2020ರ ಲೀಗೂ ಇಲ್ಲ ಅಂತ ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೇನೆ.

ನಮ್ಮ ಮೊಹಮದ್ ಸಾಲಾದ್ದು ಇನ್ನೂ ಮುಖ್ಯ. 2017ರಲ್ಲಿ ಕ್ಲಾಪ್ ಮನಸ್ಸು ಮೊದಲು ಜರ್ಮನಿಯ ಜೂಲಿಯನ್ ಬ್ರಾಂಟ್ ಮೇಲಿತ್ತು, ಸ್ಪೋರ್ಟಿಂಗ್ ಡೈರೆಕ್ಟರ್ ಮೈಕಲ್ ಎಡ್ವರ್ಡ್ಸ್ ಮತ್ತು ಅವರ ಕಡೆಯವರು ಸಾಲಾ ಸಾಲಾ ಅಂತ ಬಿಡದೆ ಬೆನ್ನು ಬಿದ್ರು. ಅವರು ಎಷ್ಟು ಒತ್ತಾಯ ಮಾಡಿದ್ರು ಅಂತ ಕ್ಲಾಪ್ ಆಮೇಲೆ ಬಾಯಿಬಿಟ್ಟೇ ಹೇಳಿದ್ದಾರೆ. ಆ ಹೊತ್ತಿಗೆ ಸಾಲಾ ಅಂದ್ರೆ ಚೆಲ್ಸಿಯಲ್ಲಿ ಬೆಂಚ್ ಕಾಯ್ದು ಹೋದ ಹುಡುಗ ಅಂತಲೇ ಇಂಗ್ಲೆಂಡ್‌ನವರ ಲೆಕ್ಕ. ಮೊದಲ ಸೀಸನ್ನಿಗೇ 44 ಗೋಲು. ನಾನು ಹೇಳೋದು ಏನಂದ್ರೆ, ಎಡ್ವರ್ಡ್ಸ್ ದೊಡ್ಡವರು ಕ್ಲಾಪ್ ಚಿಕ್ಕವರು ಅಂತ ಅಲ್ಲ. ಕ್ಲಾಪ್ "ಬೇಡವೇ ಬೇಡ" ಅಂದಿದ್ರೆ ಸಾಲಾ ಬರ್ತಿರಲಿಲ್ಲ. ಅವರು ಕೇಳಿದ್ರು, ಒಪ್ಪಿದ್ರು, ಒಪ್ಪಿದ ಮೇಲೆ ತನ್ನದೇ ಆಯ್ಕೆ ಅನ್ನೋ ಹಾಗೆ ಆಡಿಸಿದ್ರು. ಹುಡುಕೋದು ಡೈರೆಕ್ಟರ್ ಕೆಲಸ, ಬೇಡ ಅನ್ನೋ ಹಕ್ಕು ಕೋಚ್‌ದು. ನನ್ನ ಉತ್ತರ ಇಷ್ಟೆ.

ಕೋಚ್ ಕೇಳಿದ ಅಂತ ತಂದ್ರೆ ಏನಾಗ್ತದೆ ಅನ್ನೋದಕ್ಕೆ ಚೆಲ್ಸಿ ನೋಡಿ. ಅವರ ಕೋಚ್ ಟುಖೆಲ್‌ಗೆ ಡಾರ್ಟ್‌ಮಂಡ್ ಕ್ಲಬ್ ಕಾಲದಿಂದ ಪರಿಚಯ ಅಂತ 2022ರ ಸೆಪ್ಟೆಂಬರ್ 1ಕ್ಕೆ ಸ್ಟ್ರೈಕರ್ ಒಬಮೆಯಾಂಗ್‌ನನ್ನು ತಂದ್ರು. ದವಡೆ ಮುರಿದಿತ್ತು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡೇ ಝಾಗ್ರೆಬ್‌ನಲ್ಲಿ ಮೊದಲ ಮ್ಯಾಚ್ ಆಡಿದ, ಸೋತ್ರು, ಮಾರನೇ ದಿನ ಟುಖೆಲ್ ಔಟ್. ಕರೆದವರು ಹೋದ್ರು, ಬಂದವನು ಉಳಿದ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತಾರಲ್ಲ.

ಹುಬ್ಬಳ್ಳಿ ವಿಂಗರ್:

ಅಣ್ಣಾರ, ಡೈರೆಕ್ಟರ್ ಡೈರೆಕ್ಟರ್ ಅಂತ ಭಾಳ ಹೊಗಳಾಕತ್ತೀರಿ, ನ್ಯೂಕಾಸಲ್‌ದಾಗ 2008ಕ್ಕ ಏನಾತು ಅನ್ನೋದು ಮರೀಬ್ಯಾಡ್ರಿ. ಆ ವರ್ಷ ಜನವರಿದಾಗ ಕೆವಿನ್ ಕೀಗನ್ ಅವ್ರನ್ನ ಮ್ಯಾನೇಜರ್ ಮಾಡಿ ಕರಕೊಂಡ ಬಂದ್ರು, ಆ ಊರ ಮಂದಿಗೆ ಕೀಗನ್ ಅಂದ್ರ ದೇವ್ರಿದ್ದಂಗ. ಆಮ್ಯಾಲೆ ಮಾಲಕರು ಡೆನಿಸ್ ವೈಸ್ ಅವ್ರನ್ನ ತಂದು ಫುಟ್‌ಬಾಲ್ ಉಸ್ತುವಾರಿ ಅಂತ ಕುಂದರಿಸಿದ್ರು. ಆಗಸ್ಟ್ ಮುಗಿಯೂ ಹೊತ್ತಿಗೆ ಉರುಗ್ವೆದಾಂವ ಇಗ್ನಾಸಿಯೋ ಗೊನ್ಸಾಲೆಸ್ ಅನ್ನೋ ಆಟಗಾರನ ಸುದ್ದಿ ಬಂತು. ಕೀಗನ್ ಅವ್ರು ಇಂವ ನಮಗ ಸಾಲಂಗಿಲ್ಲ ಅಂದ್ರು. ಅದಕ್ಕ ವೈಸ್ ಏನಂದ್ರು ಗೊತ್ತೇನ್ರಿ, ಯೂಟ್ಯೂಬ್‌ದಾಗ ಅದಾನ ನೋಡ್ರಿ ಅಂದ್ರು! ನೋಡಿದ್ರು, ಆ ಕ್ಲಿಪ್‌ಗೋಳು ನೋಡಿ ಪ್ರೀಮಿಯರ್ ಲೀಗಿಗೆ ಒಬ್ಬನ್ನ ತಗೋಳಾಕ ಆಗತೈತೇನು? ಕ್ಲಬ್ಬಿನವ್ರು ಒಬ್ಬರೂ ಅವನ ಆಟ ಕಣ್ಣಾರೆ ನೋಡಿರಲಿಲ್ಲ, ಇಬ್ಬರು ಏಜೆಂಟರಿಗೆ ಉಪಕಾರ ಮಾಡಾಕ ಅಂತ ಲೋನ್ ಮ್ಯಾಲೆ, ಅಂದ್ರ ಬ್ಯಾರೆ ಕ್ಲಬ್ಬಿನಿಂದ ಎರವಲು, ತಗೊಂಡ್ರು. ಇದು ನಾ ಹೇಳಿದ್ದಲ್ಲ, ಕೀಗನ್ ಅವ್ರು ಆಮ್ಯಾಲೆ ಕ್ಲಬ್ ಮ್ಯಾಲೆ ಹಾಕಿದ ಕೇಸಿನ ಟ್ರಿಬ್ಯುನಲ್ ತೀರ್ಪಿನಾಗ ಐತಿ.

ಕೀಗನ್ ಅವ್ರು ಸೆಪ್ಟೆಂಬರ್ ಮೊದಲ ವಾರದಾಗ ರಾಜೀನಾಮೆ ಕೊಟ್ಟ ಹ್ವಾದ್ರು. ಮುಂದಿನ ಬ್ಯಾಸಗಿಗೆ ಟೀಮು ಕೆಳಗಿನ ಡಿವಿಷನ್ನಿಗೆ ಇಳೀತು. 2009ರ ಅಕ್ಟೋಬರ್‌ದಾಗ ತೀರ್ಪು ಬಂತು, ಕೊನೇ ಮಾತು ಕೀಗನ್ ಅವರದ ಅಂತ ಅವರ ಕರಾರಿನಾಗ ಇತ್ತು, ಕ್ಲಬ್ ಅದನ್ನ ಮುರದೈತಿ ಅಂತ 20 ಲಕ್ಷ ಪೌಂಡ್ ಪರಿಹಾರ ಕೊಡಿಸಿದ್ರು. ಆ ಗೊನ್ಸಾಲೆಸ್ ಒಟ್ಟು ಆಡಿದ್ದು ಎರಡ ಮ್ಯಾಚು, ಅದೂ ಬೆಂಚಿನಿಂದ ಎದ್ದು ಬಂದು.

ಕುರ್ಚಿ ಮ್ಯಾಲೆ ಯಾರನ್ನ ಕುಂದರಸ್ತೀರಿ, ಅವ್ರು ಮೈದಾನಕ್ಕ ಹೋಗಿ ನೋಡ್ತಾರೋ ಇಲ್ಲೋ, ಅದ ಮುಖ್ಯ. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬಿನ ಮ್ಯಾನೇಜರ್ ಬ್ರಯನ್ ಕ್ಲಫ್ ಜೊತಿಗೆ ಅವರ ಅಸಿಸ್ಟೆಂಟ್ ಪೀಟರ್ ಟೇಲರ್ ಇದ್ರಲ್ಲ, ಕೆನಿ ಬರ್ನ್ಸ್ ಅನ್ನೋ ಆಟಗಾರನ ನಡತಿ ಸರಿ ಇಲ್ಲ ಅಂತ ಎಲ್ಲಾರೂ ಅಂತಿದ್ರು, ಟೇಲರ್ ಸ್ವತಃ ನಾಯಿ ರೇಸಿನ ಜಾಗಕ್ಕ ಹೋಗಿ, ಗುರುತು ಸಿಗದಂಗ ನಿಂತು, ಅವ ಎಷ್ಟು ಜೂಜು ಆಡ್ತಾನ, ಎಷ್ಟು ಕುಡಿತಾನ ಅಂತ ನೋಡಿ ಬಂದು, ಆಮ್ಯಾಲೆ 1977ಕ್ಕ ತಗೊಂಡ್ರು. ಫಾರ್ವರ್ಡ್ ಆಡ್ತಿದ್ದಾಂವನ್ನ ಡಿಫೆನ್ಸಿಗೆ ಹಾಕಿದ್ರು, ಮುಂದಿನ ವರ್ಷ ಇಂಗ್ಲೆಂಡಿನ ಪತ್ರಕರ್ತರು ಅವನ್ನ ವರ್ಷದ ಆಟಗಾರ ಅಂತ ಆರಿಸಿದ್ರು. ಫಾರೆಸ್ಟ್ 1979, 1980 ಎರಡೂ ವರ್ಷ ಯುರೋಪಿಯನ್ ಕಪ್ ಗೆದ್ದಿದ್ದು ಸುಮ್ಮನಲ್ಲರಿ.

ಅಶೋಕನಗರ ಟಚ್‌ಲೈನ್:

ನಾನು ಬೆಂಗಳೂರಿನ ಲೀಗ್‌ನಲ್ಲಿ ಒಂದು ಚಿಕ್ಕ ಕ್ಲಬ್‌ಗೆ ಕೆಲವು ವರ್ಷ ಅಸಿಸ್ಟೆಂಟ್ ಕೋಚ್ ಆಗಿದ್ದೆ, ಕ್ಲಬ್ ಹೆಸರು ಹೇಳಲ್ಲ. ನಮ್ಮಲ್ಲಿ ಡೈರೆಕ್ಟರೂ ಇಲ್ಲ ಡೇಟಾನೂ ಇಲ್ಲ, ದುಡ್ಡು ಹಾಕೋರು ಹೇಳಿದ್ದೇ ಆಯ್ಕೆ. ಒಂದ್ಸಲ ಸೀಸನ್ ಶುರುವಾಗೋ ವಾರ ಮುಂಚೆ ಒಬ್ಬ ಸ್ಟ್ರೈಕರ್‌ನ ಕಳಿಸಿದ್ರು, ಫಾರ್ಮ್‌ಗೆ ಸೈನ್ ಆಗಿ ಬಂದಿದ್ದ, ನಾವು ಟ್ರಯಲ್ಸ್ ಮಾಡೋ ಪ್ರಶ್ನೇನೇ ಇಲ್ಲ. ಮೊದಲನೇ ದಿನ ಬೆಳಗ್ಗೆ ಆರು ಗಂಟೆಗೆ ಬೇರೆ ಹುಡುಗ್ರೆಲ್ಲ ರೌಂಡ್ ಹೊಡೀತಿದ್ರೆ ಇವನು ಗ್ಯಾಲರಿ ಮೆಟ್ಟಿಲ ಹಿಂದೆ ಕೂತ್ಕೊಂಡು ಬಲ ಮಂಡಿಗೆ ಕ್ರೇಪ್ ಬ್ಯಾಂಡೇಜ್ ಸುತ್ತುತಾ ಇದ್ದ, ಸುತ್ತಿ ಅದ್ರ ಮೇಲೆ ಉದ್ದನೆ ಸಾಕ್ಸ್ ಎಳ್ಕೊಂಡ. ನಾನು ನೋಡಿದ್ದು ಅವನಿಗೆ ಗೊತ್ತಾಯ್ತು, "ಸರ್ ಪ್ಲೀಸ್ ಹೇಳ್ಬೇಡಿ, ಊರಲ್ಲಿ ಅಮ್ಮನಿಗೆ ದುಡ್ಡು ಕಳಿಸ್ಬೇಕು" ಅಂದ. ಮೂರನೇ ಮ್ಯಾಚ್‌ಗೆ ಬಿದ್ದ, ಮತ್ತೆ ಏಳಲಿಲ್ಲ. ಟೀಮ್ ಸೋತಿದ್ದಕ್ಕೆ ಹೆಡ್ ಕೋಚ್‌ನ ತೆಗೆದ್ರು, ಕೊಟ್ಟ ಕುದುರೆ ಏರೋಕೆ ಬರಲ್ಲ ನಿಂಗೆ ಅಂತ ಎಲ್ಲರ ಮುಂದೆ ಬೈದ್ರು. ಕುದುರೆ ಕುಂಟುತಿದೆ ಅಂತ ಕೊಡೋವಾಗ ಒಬ್ರೂ ನೋಡ್ಲಿಲ್ಲ.

ಅದಕ್ಕೇ ಕುಡ್ಲದವರು ಹೇಳಿದ್ದು ನಂಗೆ ಸರಿ ಅನ್ಸುತ್ತೆ. ಕೋಚ್‌ಗೆ ಬೇಡ ಅನ್ನೋ ಹಕ್ಕು ಬಾಯಿಮಾತಲ್ಲಿ ಸಾಲಲ್ಲ, ಕಾಗದದಲ್ಲಿರ್ಬೇಕು. ಕೀಗನ್ ಅವರಿಗೆ ಕಾಗದ ಇತ್ತು ಅಂತಾನೇ ನ್ಯಾಯ ಸಿಕ್ತು.

ಇನ್ನೊಂದು, ಕೋಚ್ ಬದಲಾದ್ರೂ ಟೀಮ್ ಬದಲಾಗಬಾರ್ದು ಅನ್ನೋದಕ್ಕೆ ನಮ್ಮ ಬಿಎಫ್‌ಸಿನೇ (ಬೆಂಗಳೂರು ಎಫ್‌ಸಿ) ಇದೆ. 2018ರಲ್ಲಿ ರೋಕಾ ಹೋದಾಗ ಅವರ ಅಸಿಸ್ಟೆಂಟ್ ಕ್ವಾದ್ರಾತ್ ಅವರನ್ನೇ ಕೋಚ್ ಮಾಡಿದ್ರು. ಮಿಕು, ಡಿಮಾಸ್, ಹುವಾನನ್, ಗುರುಪ್ರೀತ್, ಛೆಟ್ರಿ ಎಲ್ಲಾ ಹಾಗೇ ಇದ್ರು, 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ರಾಹುಲ್ ಭೇಕೆ ಎಕ್ಸ್‌ಟ್ರಾ ಟೈಮ್‌ನಲ್ಲಿ ತಲೆ ಕೊಟ್ಟು ಹೊಡೆದ ಗೋಲಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ವಿ. ಹೊಸ ಕೋಚ್ ಬಂದ ಅಂತ ಅರ್ಧ ಟೀಮ್ ಖಾಲಿ ಮಾಡಿದ್ದಿದ್ರೆ ಆ ರಾತ್ರಿ ನಮಗೆ ಸಿಗ್ತಿರ್ಲಿಲ್ಲ.

ಕೆಂಪು ಮೈಸೂರು:

ಎಲ್ರಿಗೂ ಥ್ಯಾಂಕ್ಸ್. ರೂಮ್‌ಮೇಟ್‌ಗೆ ಇಡೀ ಥ್ರೆಡ್ ಓದಿ ಹೇಳ್ದೆ, ಗೊನ್ಸಾಲೆಸ್ ಕಥೆಗೆ ನೋಡ್ದಾ ನಾನು ಹೇಳಿಲ್ವಾ ಅಂದ, ಸಾಲಾ ಕಥೆಗೆ ಸುಮ್ನಾದ. ನಾನೂ ನನ್ನ ಮಾತು ಸ್ವಲ್ಪ ತಿದ್ಕೋತೀನಿ. ಆಂಟನಿ ವಿಷಯದಲ್ಲಿ ಟೆನ್ ಹಾಗ್ ಕೇಳಿದ್ದು ತಪ್ಪಲ್ಲ, ಗೊತ್ತಿರೋ ಹುಡುಗನ್ನ ಯಾವ ಕೋಚ್ ಆದ್ರೂ ಕೇಳ್ತಾನೆ. ಆ ರೇಟಿಗೆ ಬೇಡ, ಬೇರೆಯವರನ್ನ ನೋಡೋಣ ಅಂತ ಎದುರು ಕೂತು ಹೇಳೋ ಧೈರ್ಯ ಇರೋರು ಆ ಬೇಸಿಗೇಲಿ ನಮ್ಮ ಕ್ಲಬ್ಬಲ್ಲಿ ಇರ್ಲಿಲ್ಲ, ನಂಗೆ ಸಿಟ್ಟಿರೋದು ಅದಕ್ಕೆ.

ಅಶೋಕನಗರ ಸರ್, ಆ ಹುಡುಗ ಏನಾದ?

ಅಶೋಕನಗರ ಟಚ್‌ಲೈನ್:

ಲಿಗಮೆಂಟ್ ಹರಿದಿತ್ತು. ಆಪರೇಷನ್‌ಗೆ ಟೀಮ್ ಹುಡುಗ್ರೇ ಸೇರಿ ದುಡ್ಡು ಹಾಕಿದ್ರು, ಅವನನ್ನ ತಂದೋರು ಫೋನ್ ಎತ್ಲಿಲ್ಲ. ಈಗ ಊರಲ್ಲೇ ಇದ್ದಾನೆ, ಶಾಲೆ ಮಕ್ಕಳಿಗೆ ಸಂಜೆ ಕೋಚಿಂಗ್ ಮಾಡ್ತಾನೆ, ಹೋದ ತಿಂಗಳು ಹದಿಮೂರು ವರ್ಷದ ಒಬ್ಬ ಲೆಫ್ಟ್ ಬ್ಯಾಕ್‌ನ ವಿಡಿಯೋ ಕಳಿಸಿ "ಸರ್, ವಿಡಿಯೋ ನೋಡಿ ತೀರ್ಮಾನ ಮಾಡ್ಬೇಡಿ, ಬಂದು ನೋಡಿ" ಅಂದಿದ್ದಾನೆ. ಭಾನುವಾರದ ಬಸ್‌ಗೆ ಟಿಕೆಟ್ ಮಾಡಿಸಿದ್ದೀನಿ.