ಐಸಿಯುನಲ್ಲಿ ನಿದ್ದೆಯ ಮದ್ದು ನಿಲ್ಲಿಸಿದ ಮೇಲೆ ಬೆವರು, ನಡುಕ: ಇದು ಚಟವೇ?

ಪ್ರಶ್ನೆ (ಸೋಮವಾರಪೇಟೆ):
ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡ ನನ್ನ ತಂದೆಯವರು ಮೈಸೂರಿನ ಆಸ್ಪತ್ರೆಯೊಂದರಲ್ಲಿ 12 ದಿನ ವೆಂಟಿಲೇಟರ್ ಮೇಲಿದ್ದರು. ಅಷ್ಟೂ ದಿನ ಸಿರಿಂಜ್ ಪಂಪ್‌ನಲ್ಲಿ ಫೆಂಟನಿಲ್ (ಪ್ರಬಲ ನೋವು ನಿವಾರಕ) ಮತ್ತು ಮಿಡಜೋಲಮ್ (ನಿದ್ದೆ ಬರಿಸುವ ಮದ್ದು) ಹರಿಯುತ್ತಿದ್ದವು. ಮೊದಲ ದಿನ ಸಾಕಾಗಿದ್ದ ಪ್ರಮಾಣ ವಾರ ಕಳೆಯುವಷ್ಟರಲ್ಲಿ ಸಾಲದಾಯಿತು. ಮೊನ್ನೆ ಎರಡನ್ನೂ ಒಟ್ಟಿಗೇ ನಿಲ್ಲಿಸಿದಾಗಿನಿಂದ ಬೆವರು, ಕೈನಡುಕ, ಭೇದಿ ಶುರುವಾಗಿವೆ. ರಾತ್ರಿಯಿಡೀ ತೋಟದ ಆಳುಗಳನ್ನು ಹೆಸರು ಹಿಡಿದು ಕರೆಯುತ್ತಾರೆ. ಎಂದೂ ಮದ್ಯ ಮುಟ್ಟದವರಿಗೆ ಮದ್ದಿನ ಚಟ ಹಿಡಿಯಿತೇ ಎಂದು ತಾಯಿಯವರು ಅಳುತ್ತಿದ್ದಾರೆ.

ಉತ್ತರ 1 (ಅರಿವಳಿಕೆ ವೈದ್ಯ, ಮಡಿಕೇರಿ):
ತಾಯಿಯವರಿಗೆ ದಯವಿಟ್ಟು ಧೈರ್ಯ ಹೇಳಿ, ಇದು ಚಟವಲ್ಲ. ಚಟವೆಂದರೆ ಹಾನಿಯಾಗುತ್ತಿದ್ದರೂ ಮದ್ದನ್ನು ಹುಡುಕಿಕೊಂಡು ಹೋಗುವ ಹಂಬಲ. ತಮ್ಮ ತಂದೆಯವರ ದೇಹ ಮದ್ದಿಗೆ ಒಗ್ಗಿದೆ, ಅಷ್ಟೇ. ದಿನಗಟ್ಟಲೆ ಫೆಂಟನಿಲ್ ಹರಿದಾಗ ನರಕೋಶಗಳ ಗ್ರಾಹಕಗಳು (ಮದ್ದು ಅಂಟಿಕೊಳ್ಳುವ ತಾಣಗಳು) ಮೊದಲಿನಂತೆ ಸ್ಪಂದಿಸುವುದಿಲ್ಲ, ಆದ್ದರಿಂದಲೇ ಪ್ರಮಾಣ ಏರಿಸಬೇಕಾಗುತ್ತದೆ. ತಟ್ಟನೆ ನಿಲ್ಲಿಸಿದರೆ ಅದುವರೆಗೆ ಅದುಮಿಟ್ಟಿದ್ದ ನರಮಂಡಲ ಪುಟಿದೆದ್ದು ಬೆವರು, ವೇಗದ ನಾಡಿ, ಭೇದಿಗಳಾಗಿ ಕಾಣಿಸಿಕೊಳ್ಳುತ್ತದೆ. ಮಿಡಜೋಲಮ್ ಹಠಾತ್ತಾಗಿ ನಿಂತರೆ ಸೆಳವೂ (ಫಿಟ್ಸ್) ಬರಬಹುದಾದ್ದರಿಂದ ಇಂದೇ ಅಲ್ಲಿನ ವೈದ್ಯರೊಡನೆ ಮಾತನಾಡಿ. ಸೋಂಕು, ಆಮ್ಲಜನಕದ ಕೊರತೆ, ನೋವು ಸಾಕಷ್ಟು ಶಮನವಾಗದಿರುವುದು ಇವೂ ಇದೇ ರೀತಿ ತೋರುವುದರಿಂದ ಅವನ್ನು ಮೊದಲು ಪರೀಕ್ಷಿಸಿ ತಳ್ಳಿಹಾಕಬೇಕು. ವಾರಕ್ಕಿಂತ ಹೆಚ್ಚು ಕೊಟ್ಟ ಮದ್ದನ್ನು ಸಾಮಾನ್ಯವಾಗಿ ದಿನಕ್ಕೆ ಶೇಕಡಾ 10ರಿಂದ 20ರಷ್ಟು, ಒಂದಾದ ಮೇಲೆ ಒಂದರಂತೆ ಇಳಿಸುವುದು ವಾಡಿಕೆ. ಲಕ್ಷಣ ಕಂಡರೆ ಇಳಿಸುವುದನ್ನು ಅಲ್ಲೇ ತಡೆಯುತ್ತೇವೆ. ಪುಟಿದೆದ್ದ ನರಮಂಡಲವನ್ನು ತಣಿಸುವ ಕ್ಲೊನಿಡಿನ್ ಅಥವಾ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಮದ್ದುಗಳು ನೆರವಾಗುತ್ತವೆ. ಪಕ್ಕೆಲುಬಿನ ನೋವಿಗೆ ನರಗಳ ಸುತ್ತ ಅರಿವಳಿಕೆ ಕೊಟ್ಟು ಜೊತೆಗೆ ಪ್ಯಾರಾಸಿಟಮಾಲ್ ನೀಡಿದರೆ ಫೆಂಟನಿಲ್‌ನ ಅಗತ್ಯವೇ ತಗ್ಗುತ್ತದೆ ಎಂಬುದನ್ನು ವಿಶೇಷವಾಗಿ ಕೇಳಿ ನೋಡಿ.

ಉತ್ತರ 2 (ಐಸಿಯು ಶುಶ್ರೂಷಕಿ, ವಿರಾಜಪೇಟೆ):
ಡಾಕ್ಟರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮುಂದೆ ಮೈಸೂರಿನಿಂದ ಮಡಿಕೇರಿಯ ಆಸ್ಪತ್ರೆಗೆ ವರ್ಗಾಯಿಸುವುದಾದರೆ ಯಾವ ಮದ್ದು, ಎಷ್ಟು ಪ್ರಮಾಣ, ಕೊನೆಯದಾಗಿ ಯಾವಾಗ ಇಳಿಸಿದ್ದು ಎಂಬುದನ್ನು ಪತ್ರದಲ್ಲಿ ಬರೆಸಿಕೊಳ್ಳಿ, ಏಕೆಂದರೆ ಅದಿಲ್ಲದೆ ಬಂದ ರೋಗಿಯ ಚಡಪಡಿಕೆಯನ್ನು ಹಟವೆಂದು ತಪ್ಪಾಗಿ ತಿಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮದ್ದು ನಿಂತು ಕೆಲವು ದಿನ ಕಳೆದ ಮೇಲೆ ಹಳೆಯ ಪ್ರಮಾಣವನ್ನೇ ಮತ್ತೆ ಕೊಟ್ಟರೆ ಉಸಿರು ಕುಗ್ಗುವ ಅಪಾಯವೂ ಇದೆ. ಅವರ ಗೊಂದಲ ತಗ್ಗಲು ಕನ್ನಡಕವಿದ್ದರೆ ಹಾಕಿಸಿ, ಹಗಲಿನಲ್ಲಿ ಕಿಟಕಿಯ ಬೆಳಕು ಬೀಳಲಿ, ಮನೆಯ ಮಾತಿನಲ್ಲೇ ಅವರೊಡನೆ ಮಾತನಾಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು ಕಡಿಮೆ ಪ್ರಮಾಣದಲ್ಲಿ ಮತ್ತೆ ಆರಂಭಿಸಿದ್ದಾರೆ, ನಾಳೆಯಿಂದ ಮೆಲ್ಲಗೆ ಇಳಿಸುತ್ತಾರಂತೆ. ಇಂದು ಮಧ್ಯಾಹ್ನ ತಂದೆಯವರು ತಾಯಿಯವರನ್ನು ಗುರುತಿಸಿ, ಮೆಣಸು ಒಣಗಿತೇ ಎಂದು ಕೇಳಿದರು.