ಜೆ-ಲ್ಯಾಟ್: ವೊರಿನೊಸ್ಟಾಟ್ ಕೊಟ್ಟರೆ ಆರ್‌ಎನ್‌ಎ ಏರುತ್ತದೆ, ಜಿಎಫ್‌ಪಿ ಮಾತ್ರ ಬರುತ್ತಿಲ್ಲ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಜೆ-ಲ್ಯಾಟ್ 8.4 ಕೋಶಗಳಲ್ಲಿ (ಎಚ್‌ಐವಿ ಸೇರಿಸಿದ ಜರ್ಕ್ಯಾಟ್ ಎಂಬ ಟಿ-ಕೋಶ ತಳಿ) ಮಲಗಿರುವ ಎಚ್‌ಐವಿಯನ್ನು ಎಬ್ಬಿಸಲು ನೋಡುತ್ತಿದ್ದೇನೆ. ಎಚ್‌ಡಿಎಸಿ ಕಿಣ್ವಗಳನ್ನು ತಡೆಯುವ ಔಷಧ ವೊರಿನೊಸ್ಟಾಟ್, 1 ಮೈಕ್ರೋಮೋಲಾರ್, 24 ಗಂಟೆ. ಕ್ಯೂಪಿಸಿಆರ್‌ನಲ್ಲಿ ವೈರಸ್ ಆರ್‌ಎನ್‌ಎ ಚೆನ್ನಾಗಿ ಏರಿದೆ. ಆದರೆ ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೀಟರ್‌ನಲ್ಲಿ ಜಿಎಫ್‌ಪಿ (ವೈರಸ್ ಎದ್ದರೆ ಹೊಳೆಯುವ ಹಸಿರು ಪ್ರೋಟೀನ್) ಬಂದ ಕೋಶಗಳು ಬರೀ ಡಿಎಂಎಸ್‌ಒ (ಔಷಧ ಕರಗಿಸುವ ದ್ರಾವಕ) ಕೊಟ್ಟ ವೆಲ್‌ಗಿಂತ ಚೂರೇ ಚೂರು ಜಾಸ್ತಿ. ಅದೇ ಪ್ಲೇಟ್‌ನಲ್ಲಿ ಟಿಎನ್‌ಎಫ್-ಆಲ್ಫಾ (ವೈರಸ್ಸನ್ನು ಎಬ್ಬಿಸುವ ಉರಿಯೂತದ ಪ್ರೋಟೀನ್) ಕೊಟ್ಟ ಕೋಶಗಳು ಸ್ಪಷ್ಟವಾಗಿ ಹಸಿರಾಗುತ್ತವೆ, ಹಾಗಾಗಿ ಯಂತ್ರದ ತೊಂದರೆ ಅಲ್ಲ. ಔಷಧದ ಹೊಸ ವಯಲ್ ತೆಗೆದೂ ನೋಡಿದೆ. ಎಲ್ಲಿ ತಪ್ಪುತ್ತಿದೆ?

ಪಿಪೆಟ್ಟಯ್ಯ:
ಪ್ರೈಮರ್ (ಅಳೆಯುವ ತುಂಡನ್ನು ಗುರುತಿಸುವ ಚಿಕ್ಕ ಡಿಎನ್‌ಎ) ವೈರಸ್ಸಿನ ಯಾವ ಭಾಗಕ್ಕೆ? ಉಳಿದ ಡಿಎನ್‌ಎ ತೆಗೆಯಲು ಡಿಎನ್‌ಏಸ್ ಹಾಕಿದ್ದೀರಾ? ನಾರ್ಮಲೈಸ್, ಅಂದರೆ ಹೋಲಿಸಿ ಸರಿದೂಗಿಸಿದ್ದು, ಯಾವುದಕ್ಕೆ?

ತುಂಗಾತೀರ:
ಆರ್-ಯು5, ಅಂದರೆ ಆರ್‌ಎನ್‌ಎಯ ಶುರುವಿನ ಭಾಗ ಸರ್. ಡಿಎನ್‌ಏಸ್ ಹಾಕಿದ್ದೇನೆ. ಕೋಶದ್ದೇ ಜೀನಾದ ಜಿಎಪಿಡಿಎಚ್‌ಗೆ ನಾರ್ಮಲೈಸ್.

ಪಿಪೆಟ್ಟಯ್ಯ:
ಹಾಗಾದರೆ ನಿಮ್ಮ ಎರಡು ಫಲಿತಾಂಶಗಳ ನಡುವೆ ಜಗಳವೇ ಇಲ್ಲ. ಎರಡೂ ನಿಜ ಇರಬಹುದು.

ಈ ಕೋಶಗಳಲ್ಲಿ ವೈರಸ್ಸಿಗೆ ಅಡ್ಡ ನಿಂತಿರುವುದು ಒಂದೇ ಪ್ರೋಟೀನ್ ಅಲ್ಲ. ವೈರಸ್ಸಿನ ಜೀನುಗಳನ್ನು ಚಾಲೂ ಮಾಡುವ ತುದಿಭಾಗ ಎಲ್‌ಟಿಆರ್ ಮೇಲೆ ಪಿ50-ಪಿ50 (ಎನ್‌ಎಫ್-ಕಪ್ಪಾ-ಬಿ ಕುಟುಂಬದ ಪ್ರೋಟೀನ್) ಜೋಡಿ ಕೂತಿರುತ್ತದೆ. ಅದಕ್ಕೆ ಜೀನನ್ನು ಚಾಲೂ ಮಾಡುವ ಶಕ್ತಿ ಇಲ್ಲ, ಬದಲಿಗೆ ಎಚ್‌ಡಿಎಸಿ1 ಅನ್ನು ಕರೆತರುತ್ತದೆ. ವೈವೈ1 ಮತ್ತು ಎಲ್‌ಎಸ್‌ಎಫ್ ಪ್ರೋಟೀನ್‌ಗಳು ಮಾಡುವುದೂ ಅದನ್ನೇ. ಎಚ್‌ಡಿಎಸಿ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳ ಅಸಿಟೈಲ್ ಗುಂಪುಗಳನ್ನು ಕಿತ್ತು ಹಾಕುತ್ತದೆ, ಪ್ರತಿಲೇಖನ (ಡಿಎನ್‌ಎ ನೋಡಿ ಆರ್‌ಎನ್‌ಎ ಬರೆಯುವುದು) ಶುರುವಾಗುವ ಜಾಗದ ಆಚೆ ಪಕ್ಕದ ನ್ಯೂಕ್ಲಿಯೊಸೋಮ್ (ಡಿಎನ್‌ಎ-ಹಿಸ್ಟೋನ್ ಉಂಡೆ) ಬಿಗಿಯಾಗಿಯೇ ಉಳಿಯುತ್ತದೆ. ವೊರಿನೊಸ್ಟಾಟ್ ಬಿಡಿಸುವುದು ಮುಖ್ಯವಾಗಿ ಇಷ್ಟನ್ನು.

ಆಮೇಲೆ ಆರ್‌ಎನ್‌ಎ ಬರೆಯುವ ಕಿಣ್ವ ಪಾಲಿಮರೇಸ್ ಹೊರಟು ಸುಮಾರು 60 ನ್ಯೂಕ್ಲಿಯೊಟೈಡ್ ಬರೆಯುವಷ್ಟರಲ್ಲಿ ನೆಲ್ಫ್ ಮತ್ತು ಡಿಸಿಫ್ ಪ್ರೋಟೀನ್‌ಗಳು ಹಿಡಿದು ನಿಲ್ಲಿಸುತ್ತವೆ. ಬಸ್ಸು ಪ್ಲಾಟ್‌ಫಾರ್ಮ್ ಬಿಟ್ಟಿದೆ, ನಿಲ್ದಾಣದ ಗೇಟಿನಲ್ಲೇ ನಿಂತಿದೆ. ಗೇಟು ತೆಗೆಯಬೇಕಾದದ್ದು ಪಿ-ಟೆಫ್‌ಬಿ, ಅಂದರೆ ಸೈಕ್ಲಿನ್ ಟಿ1 ಮತ್ತು ಸಿಡಿಕೆ9. ಅದರ ಬಹುಪಾಲನ್ನು ಹೆಕ್ಸಿಮ್1 ಎಂಬ ಪ್ರೋಟೀನು 7ಎಸ್‌ಕೆ ಆರ್‌ಎನ್‌ಎ ಜೊತೆ ಸೇರಿ ಕಟ್ಟಿ ಹಾಕಿರುತ್ತದೆ. ಜೆ-ಲ್ಯಾಟ್‌ನಲ್ಲಿ ಜಿಎಫ್‌ಪಿ ಇರುವುದು ನೆಫ್ ಜೀನಿನ ಜಾಗದಲ್ಲಿ, ವೈರಸ್ಸಿನ ಕೊನೆಯ ತುದಿಗೆ. ಆರ್‌ಎನ್‌ಎ ಪೂರ್ತಿಯಾಗಿ, ಸ್ಪ್ಲೈಸಿಂಗ್ (ತುಂಡು ಕತ್ತರಿಸಿ ಜೋಡಿಸುವುದು) ಕೂಡ ಮುಗಿದರೆ ಮಾತ್ರ ಹಸಿರು.

ಹಾಗಾಗಿ ಶುರುವಿನದ್ದು, ನಡುವಿನದ್ದು, ಪಾಲಿ-ಎ ಬಾಲ ಸೇರಿದ್ದು (ಕೊನೆ ಮುಟ್ಟಿದ ಆರ್‌ಎನ್‌ಎ) ಅಂತ ಮೂರು ಕಡೆ ಅಳೆಯಿರಿ. ಜಿಎಪಿಡಿಎಚ್ ಒಂದನ್ನೇ ನಂಬಬೇಡಿ, ಎಚ್‌ಡಿಎಸಿ ತಡೆದಾಗ ಕೋಶದ ಎಷ್ಟೋ ಜೀನುಗಳು ಏರುಪೇರಾಗುತ್ತವೆ. ಆರ್‌ಟಿ (ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಕಿಣ್ವ) ಹಾಕದ ಕಂಟ್ರೋಲ್ ಇಡದೆ ಇಂಥ ಗ್ರಾಫ್ ಹಾಕುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ (ನಿಮಗೆ ಹೇಳಿದ್ದಲ್ಲ).

ಹೊಳೆಬದಿ:
ಪಿಪೆಟ್ಟಯ್ಯನವರೇ, ಒಂದು ತಕರಾರು. ವೊರಿನೊಸ್ಟಾಟ್ ಪಿ-ಟೆಫ್‌ಬಿಯನ್ನೂ ಹೆಕ್ಸಿಮ್1ನಿಂದ ಬಿಡಿಸುತ್ತದೆ ಅಂತ 2009ರಲ್ಲೇ ಬಂದಿದೆಯಲ್ಲ? ನನಗೇನೋ ರೀಡ್‌ಥ್ರೂ ಮೇಲೆ ಅನುಮಾನ. ಎಲ್‌ಇಡಿಜಿಎಫ್ ಪ್ರೋಟೀನು ವೈರಸ್ಸನ್ನು ಕರೆದುಕೊಂಡು ಹೋಗಿ ಸೇರಿಸುವುದೇ ಚುರುಕಾಗಿರುವ ಜೀನುಗಳ ಒಳಗೆ. ಪಕ್ಕದ ಜೀನಿನ ಪ್ರತಿಲೇಖನ ವೈರಸ್ ಮೇಲೂ ಹಾದು ಹೋದರೆ ಆರ್-ಯು5 ಪ್ರೈಮರ್ ಅದನ್ನೂ ಎಣಿಸಿಬಿಡುತ್ತದೆ.

ಪಿಪೆಟ್ಟಯ್ಯ:
ಎರಡೂ ಸರಿ. ಎಲ್‌ಟಿಆರ್‌ನಲ್ಲಿ ಯು3, ಆರ್, ಯು5 ಎಂಬ ಭಾಗಗಳು ಸಾಲಾಗಿವೆ; ರೀಡ್‌ಥ್ರೂ ಹಿಡಿಯಲು ಯು3ಯಿಂದ ಯು5ವರೆಗೆ ಒಂದೇ ತುಂಡು ಬರುವಂತೆ ಪ್ರೈಮರ್ ಇಡಿ. ವೈರಸ್ಸಿನ ಸ್ವಂತ ಆರ್‌ಎನ್‌ಎ ಆರ್‌ನಿಂದ ಶುರುವಾಗಿ ಆರ್‌ನಲ್ಲೇ ಮುಗಿಯುತ್ತದೆ, ಅದರಲ್ಲಿ ಯು3 ಮತ್ತು ಯು5 ಅಕ್ಕಪಕ್ಕ ಬರುವುದೇ ಇಲ್ಲ. ಬಂದರೆ ಅದು ರೀಡ್‌ಥ್ರೂ, ಇಲ್ಲವೇ ಉಳಿದುಕೊಂಡ ಡಿಎನ್‌ಎ.

ಪಿ-ಟೆಫ್‌ಬಿ ಬಿಡುಗಡೆಯಾಗುವುದು ಹೌದು, ಸ್ವಲ್ಪ ಹೊತ್ತಿಗೆ. ಆದರೆ ಬಿಡುಗಡೆಯಾದದ್ದು ವೈರಸ್ಸಿನ ಟ್ಯಾಟ್ ಪ್ರೋಟೀನಿನ ಕೈಗೇ ಸಿಗಬೇಕೆಂದಿಲ್ಲ, ಕೋಶದ ಬಿಆರ್‌ಡಿ4 ಪ್ರೋಟೀನು ಕೂಡ ಅದಕ್ಕೇ ಕಾದಿರುತ್ತದೆ. ಬಿಆರ್‌ಡಿ4 ತಡೆಯುವ ಜೆಕ್ಯೂ1 ಕೊಟ್ಟಾಗ ವೈರಸ್ ಏಳುವುದಕ್ಕೆ ಇದೂ ಒಂದು ಕಾರಣ. ಟ್ಯಾಟ್ ಒಂದು ಮಟ್ಟ ದಾಟಿದರೆ ತನ್ನ ಉತ್ಪಾದನೆಯನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ, ದಾಟದಿದ್ದರೆ ಕೋಶ ಮತ್ತೆ ಮಲಗುತ್ತದೆ. ಅದಕ್ಕೇ ಸರಾಸರಿ ಹೊಳಪು ನೋಡಬೇಡಿ, ಎಷ್ಟು ಶೇಕಡಾ ಕೋಶ ಹಸಿರು ಅಂತ ನೋಡಿ.

ತುಂಗಾತೀರ:
ಮಾಡಿದೆ ಸರ್. ಆರ್‌ಟಿ ಇಲ್ಲದ್ದು ಸ್ವಚ್ಛ. ಯು3-ಯು5 ಸ್ವಲ್ಪ ಇದೆ, ಆದರೆ ಏರಿಕೆಯನ್ನೆಲ್ಲ ಅದರ ತಲೆಗೆ ಕಟ್ಟುವಷ್ಟಿಲ್ಲ. ಶುರುವಿನ ತುಂಡು ಮೊದಲಿನಂತೆಯೇ ಜೋರಾಗಿದೆ, ನಡುವಿನದ್ದು ಕಡಿಮೆ, ಪಾಲಿ-ಎ ಹೆಚ್ಚೂಕಡಿಮೆ ಕಂಟ್ರೋಲ್‌ನಷ್ಟೇ. ಟಿಎನ್‌ಎಫ್ ವೆಲ್‌ನಲ್ಲಿ ಮೂರೂ ಏರಿವೆ.

ಹೊಳೆಬದಿ:
ಗೇಟೇ ಹಾಗಾದರೆ. ಪಿಪೆಟ್ಟಯ್ಯನವರೇ ಗೆದ್ದಿರಿ.

ಪಿಪೆಟ್ಟಯ್ಯ:
ಟಿಎನ್‌ಎಫ್ ಕೊಟ್ಟಾಗ ಪಿ65 (ಜೀನನ್ನು ಚಾಲೂ ಮಾಡಬಲ್ಲ ಎನ್‌ಎಫ್-ಕಪ್ಪಾ-ಬಿ ಪ್ರೋಟೀನ್) ನ್ಯೂಕ್ಲಿಯಸ್ಸಿಗೆ ಬಂದು ಪಿ50 ಜೋಡಿಯನ್ನು ಎಬ್ಬಿಸಿ ತಾನು ಕೂರುತ್ತದೆ, ಮುಂದಿನ ಹಂತಕ್ಕೂ ನೆರವಾಗುತ್ತದೆ. ಮುಂದಿನ ಪ್ಲೇಟ್‌ನಲ್ಲಿ ವೊರಿನೊಸ್ಟಾಟ್ ಜೊತೆ ಪ್ರೊಸ್ಟ್ರಾಟಿನ್ (ಎನ್‌ಎಫ್-ಕಪ್ಪಾ-ಬಿಯನ್ನು ಎಬ್ಬಿಸುವ ಔಷಧ) ಇಡಿ, ಬೇರೆ ಸಾಲಿನಲ್ಲಿ ಜೆಕ್ಯೂ1. ಒಂದೊಂದೇ ಕೊಟ್ಟ ವೆಲ್‌ಗಳೂ ಇರಲಿ, ಗೇಟಿಂಗ್‌ನಲ್ಲಿ, ಅಂದರೆ ಎಣಿಸುವ ಕೋಶಗಳನ್ನು ಆರಿಸುವಾಗ, ಸತ್ತ ಕೋಶಗಳನ್ನು ಹೊರಗಿಡಿ. ಈ ಫಲಿತಾಂಶವನ್ನು ರೋಗಿಗಳ ರಕ್ತದ ಕೋಶಗಳಿಗೆ ಹಾಗೇ ಎಳೆಯಬೇಡಿ. ಜರ್ಕ್ಯಾಟ್ ಸದಾ ವಿಭಜಿಸುವ ಕ್ಯಾನ್ಸರ್ ಕೋಶ. ವಿಶ್ರಾಂತಿಯಲ್ಲಿರುವ ಸಿಡಿ4 ಕೋಶದಲ್ಲಿ (ಎಚ್‌ಐವಿ ಹೊಕ್ಕುವ ಬಿಳಿ ರಕ್ತಕಣ) ಸೈಕ್ಲಿನ್ ಟಿ1 ಇರುವುದೇ ಕಡಿಮೆ, ಅಲ್ಲಿ ಬಿಡಿಸಲು ಪಿ-ಟೆಫ್‌ಬಿಯೇ ಸಾಲದು.

ತುಂಗಾತೀರ:
ನಮ್ಮ ಕಡೆಯ ಎಚ್‌ಐವಿಯ ಸಿ ಉಪವಿಧಕ್ಕೂ ಇದೇ ಲೆಕ್ಕವಾ ಸರ್?

ಪಿಪೆಟ್ಟಯ್ಯ:
ಅಡ್ಡ ನಿಲ್ಲುವ ಪ್ರೋಟೀನ್‌ಗಳು ಮನುಷ್ಯನವೇ, ಅವು ಬದಲಾಗುವುದಿಲ್ಲ. ಎಲ್‌ಟಿಆರ್ ಬೇರೆ. ಜೆ-ಲ್ಯಾಟ್‌ನದ್ದು ಬಿ ಉಪವಿಧ, ಎನ್‌ಎಫ್-ಕಪ್ಪಾ-ಬಿ ಕೂರುವ ಜಾಗ ಎರಡು. ಸಿಯಲ್ಲಿ ಸಾಮಾನ್ಯವಾಗಿ ಮೂರು. ನಾಲ್ಕು ಇರುವ ತಳಿಗಳು ಭಾರತದಲ್ಲಿ ಹೆಚ್ಚುತ್ತಿವೆ ಎಂದು 2012ರಲ್ಲಿ ವರದಿ ಮಾಡಿದ್ದು ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಉದಯಕುಮಾರ್ ರಂಗ ಅವರ ತಂಡ. ಪಿ50 ಕೂರುವುದೂ ಅದೇ ಜಾಗಗಳಲ್ಲಿ ತಾನೇ? ಸಿ ಎಲ್‌ಟಿಆರ್ ಇಟ್ಟು ನೋಡುವುದಾದರೆ ಹೊಸ ಚರ್ಚೆ ಶುರು ಮಾಡಿ, ಇಲ್ಲಿ ಬೆರೆಸುವುದು ಬೇಡ.