ಗಲಿವರನ ಕೊನೆಯ ಯಾತ್ರೆ: ಸ್ವಿಫ್ಟ್ ಮನುಷ್ಯದ್ವೇಷಿಯೇ?

ವಿರಾಜಪೇಟೆ ಓದುಗ:
ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಓದುಕೂಟ ಜೊನಾಥನ್ ಸ್ವಿಫ್ಟ್ ಬರೆದ ‘ಗಲಿವರನ ಪ್ರವಾಸ’ ಚರ್ಚಿಸಲಿದೆ. ನಾಲ್ಕು ಭಾಗಗಳ 39 ಅಧ್ಯಾಯ ಎಲ್ಲರೂ ಓದಲಾರರು. ಯಾವುದನ್ನು ಆರಿಸಲಿ? ಸ್ವಿಫ್ಟ್ ಮನುಷ್ಯರನ್ನೇ ದ್ವೇಷಿಸಿದನೇ?

ಮಡಿಕೇರಿ ಮೇಷ್ಟ್ರು:
ಮೊದಲ ಭಾಗದಲ್ಲಿ 3, 4 ಸಾಕು: ಹಗ್ಗದ ಮೇಲೆ ಕುಣಿದು ಹುದ್ದೆ ಗಿಟ್ಟಿಸುವುದು, ಮೊಟ್ಟೆಯ ಯಾವ ತುದಿ ಒಡೆಯಬೇಕೆಂಬ ಯುದ್ಧ. ಎರಡನೆಯದರಲ್ಲಿ 6, 7 ಬಿಡಲೇಬೇಡಿ. ಗಲಿವರ ಇಂಗ್ಲೆಂಡನ್ನು ಹೊಗಳುತ್ತಾನೆ. ದೈತ್ಯರಾಜ ಆ ಹೊಗಳಿಕೆಯಿಂದಲೇ ಕೊಳಕನ್ನು ಹೆಕ್ಕುತ್ತಾನೆ. ಸಿಡಿಮದ್ದಿನ ಗುಟ್ಟು ಕೊಡುತ್ತೇನೆಂದರೆ ಬೆಚ್ಚಿ ಬೇಡವೆನ್ನುತ್ತಾನೆ. ಒಂದು ತೆನೆ ಬೆಳೆಯುವಲ್ಲಿ ಎರಡು ಬೆಳೆಸುವವನು ರಾಜಕಾರಣಿಗಳೆಲ್ಲರಿಗಿಂತ ಮೇಲು ಎಂಬ ಅವನ ಮಾತು ಗದ್ದೆ ಮಾಡುವವರಿಗೆ ನೇರ ತಾಗುತ್ತದೆ.

ಸೋಮವಾರಪೇಟೆ ಅಕ್ಕ:
ಮೇಷ್ಟ್ರೇ, ಮೂರರ 10ನೇ ಅಧ್ಯಾಯವೂ ಇರಲಿ. ಸಾವಿಲ್ಲದವರ ಮುಪ್ಪು ಅಲ್ಲಿದೆ. ದ್ವೇಷದ ವಿಷಯ: ಗಲಿವರನೇ ಸ್ವಿಫ್ಟ್ ಎಂದುಕೊಂಡರೆ ಓದು ಹಳಿ ತಪ್ಪುತ್ತದೆ. ನಾಲ್ಕರ 9ರಲ್ಲಿ ವಿವೇಕಿ ಕುದುರೆಗಳು ಯಾಹೂಗಳನ್ನು, ಅಂದರೆ ಮನುಷ್ಯರನ್ನೇ ಹೋಲುವ ಕೊಳಕು ಪ್ರಾಣಿಗಳನ್ನು, ನಿರ್ನಾಮ ಮಾಡಬೇಕೇ ಎಂದು ಸಭೆ ಸೇರುತ್ತವೆ. 11ರಲ್ಲಿ ಪೋರ್ಚುಗೀಸ್ ಕಪ್ತಾನ ಪೆದ್ರೊ ಬಟ್ಟೆ ಕೊಟ್ಟು, ಲಿಸ್ಬನ್ನಿನ ತನ್ನ ಮನೆಯಲ್ಲೇ ಇರಿಸಿಕೊಳ್ಳುತ್ತಾನೆ. ಗಲಿವರ ಅವನ ವಾಸನೆಗೂ ಹೇಸುತ್ತಾನೆ. ಕುದುರೆಗಳ ಕ್ರೌರ್ಯ, ಮನುಷ್ಯನ ಕರುಣೆ ಎರಡೂ ಕಾಣುವಂತೆ ಇವೆರಡನ್ನೂ ಒಟ್ಟಿಗೇ ಓದಿಸಿ.

ಮಡಿಕೇರಿ ಮೇಷ್ಟ್ರು:
ಒಪ್ಪಿದೆ. ಮಕ್ಕಳ ಸಂಕ್ಷೇಪ ಮಾತ್ರ ತರಬೇಡಿ, ಹೆಚ್ಚಿನವು ಮೊದಲೆರಡು ಭಾಗಕ್ಕೇ ನಿಲ್ಲುತ್ತವೆ. 1726ರ ಮೊದಲ ಮುದ್ರಣದಲ್ಲಿ ಪ್ರಕಾಶಕರ ಕತ್ತರಿ ಆಡಿದೆ. 1735ರ ಡಬ್ಲಿನ್ ಪಠ್ಯ ಆಧರಿಸಿದ ಪ್ರತಿ ಹುಡುಕಿ.